ಹೊಳೆ ದಾಟದ ಅಜ್ಜಿ

ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ: ಬಾಲ್ಯದಲ್ಲಿ ಕಂಡ ಸೊಗಸಾದ ಚಿತ್ರಗಳೇ ನನ್ನನ್ನು ಮಕ್ಕಳ ಚಿತ್ರಪುಸ್ತಕಗಳತ್ತ ಕರೆತಂದವಂತೆ. ಇದನ್ನು ಮೊದಲು ಯಾರು ಹೇಳಿದರೋ ತಿಳಿಯದು. ನನ್ನನ್ನಂತೂ ಯಾರೂ ಕೇಳಿರಲಿಲ್ಲ. ನನ್ನನ್ನು ಕರೆತಂದದ್ದು ಸಿಟ್ಟು.

ಐವತ್ತರ ದಶಕದಲ್ಲಿ ನಮ್ಮೂರು ನಿಟ್ಟುವಳ್ಳಿ ಇನ್ನೂ ದಾವಣಗೆರೆಯೊಳಗೆ ಕರಗಿರಲಿಲ್ಲ. ಹತ್ತಿಗಿರಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಒಂದು ಸಂಜೆ ಪೇಟೆಯಿಂದ ತೆಳುವಾದ ಕಥೆಪುಸ್ತಕ ತಂದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಕ್ಕ ಅದನ್ನು ಓದುತ್ತಿದ್ದಳು. ಅಕ್ಷರ ಬಾರದ ನಾನು ಚಿತ್ರ ನೋಡುತ್ತಿದ್ದೆ. ಮಗಳ ಬಾಣಂತನಕ್ಕೆಂದು ಮುದುಕಿಯೊಬ್ಬಳು ಹೊಳೆ ದಾಟಿ ಹೋಗುವ ಕಥೆ ಅದು. ಚಿತ್ರದಲ್ಲಾದರೋ, ಅವಳು ಕಾಲು ಚಾಚಿ ಕುಳಿತು ರಾಗಿ ಬೀಸುತ್ತಿದ್ದಳು. ಸಾಲದ್ದಕ್ಕೆ, ನಮ್ಮ ಗೋಡೆಯ ಗೂಡಿನಲ್ಲಿದ್ದ ಅಜೀರ್ಣದ ಪುಡಿಯ ಪೊಟ್ಟಣದ ಮೇಲೂ ಅದೇ ಮುದುಕಿ, ಅದೇ ಬೀಸುಕಲ್ಲು.

"ಅಕ್ಕಾ, ಈ ಅಜ್ಜಿ ಹೊಳೆ ದಾಟಿದ್ಲೋ ಇಲ್ಲೋ?"

"ಕತೆಯಾಗೆ ದಾಟ್ಯಾಳೆ, ಚಿತ್ರದಾಗೆ ಕುಂತಾಳೆ. ನಿಂಗ್ಯಾವ್ದು ಬೇಕೋ ಅದು ನೋಡು. ತಲೆ ತಿನ್ಬ್ಯಾಡ."

ನಾನು ಹಾಗೆ ಕೇಳಲೇ ಇಲ್ಲ, ಮುದುಕಿಯ ಮೋರೆ ಕಂಡು ಹೆದರಿ ಅತ್ತೆನೆಂದು ಅಕ್ಕ ಇಂದಿಗೂ ಸಾಧಿಸುತ್ತಾಳೆ. ಅದನ್ನೂ ನಾನು ಒಪ್ಪುವುದಿಲ್ಲ.

ಶಾಲೆ ನನಗೂ ಹೆಚ್ಚು ಕಾಲ ದಕ್ಕಲಿಲ್ಲ. ಅರವತ್ತರ ದಶಕದಲ್ಲಿ, ಆ ಪುಸ್ತಕವನ್ನು ಅಚ್ಚುಹಾಕಿದ್ದ ಮುದ್ರಣಾಲಯದಲ್ಲೇ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿ ಚಿತ್ರ ಒತ್ತುವ ಬ್ಲಾಕುಗಳಿದ್ದವು: ಒಂದು ಸಿಂಹ, ಒಬ್ಬ ರಾಜ, ಒಂದು ಜೊತೆ ಎತ್ತು, ಮೂಲೆಯಲ್ಲಿ ನನ್ನ ಮುದುಕಿ. ಕಥೆಗೂ ಪೊಟ್ಟಣಕ್ಕೂ ಒತ್ತಿದ್ದು ಈ ಒಂದೇ ಬ್ಲಾಕು; ಎಷ್ಟೋ ವರ್ಷ ನನ್ನನ್ನು ಕಾಡಿದ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು.

"ಎಲ್ಲಾ ಕತೆಗೂ ಈಕೆನೇ ಏನ್ರಿ?" ಎಂದು ಮಾಲೀಕರನ್ನು ಕೇಳಿದೆ.

"ಮತ್ತೆ? ಕತೆಗೊಬ್ಬಾಕಿ ಅಜ್ಜಿನ ಎಲ್ಲಿಂದ ತರ್ಲೋ? ನಿಮ್ಮನ್ಯಾಗೆ ಎಷ್ಟು ಮಂದಿ ಅದಾರೆ?"

ಅಂದೇ ಹಟ ಹುಟ್ಟಿತು. ಅಜ್ಜಿ ಹೊಳೆ ದಾಟುವುದನ್ನು ಅಚ್ಚಿನಲ್ಲಿ ಕಾಣಿಸದೆ ಬಿಡಬಾರದು. ಬೇಸಗೆಯಲ್ಲಿ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಕುಳಿತೆ. ಆಚೆಯ ಹಳ್ಳಿಯ ಹೆಂಗಸರು ಗಂಟನ್ನು ತಲೆಗೇರಿಸಿ, ಸೀರೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಹೆಜ್ಜೆ ಎತ್ತದೆ ಪಾದವನ್ನು ಮರಳಿನ ಮೇಲೆ ಜಾರಿಸುತ್ತ ದಾಟುತ್ತಿದ್ದರು. ಹಾಗೆ ದಾಟುವ ಮುದುಕಿಯನ್ನು ಬರೆದೆ. ಬೇವಿನ ಹಲಗೆಯಲ್ಲಿ ನಾನೇ ಕೆತ್ತಿದೆ. ಅವಳಿಗೊಂದು ಹೊಸ ಕಥೆಯನ್ನೂ ಬರೆದೆ. ಅದನ್ನು ಅಚ್ಚುಹಾಕಲು ಮಾಲೀಕರು ಒಪ್ಪಿದರು.

ಜ್ವರವೆಂದು ನಾನು ಎರಡು ದಿನ ಮಲಗಿದ್ದಾಗ ಪುಸ್ತಕ ಅಚ್ಚಾಯಿತು. ಬಂದು ನೋಡಿದರೆ, ಮುಖಪುಟದಲ್ಲಿ ಬೀಸುತ್ತ ಕುಳಿತ ಅದೇ ಮುದುಕಿ!

"ನಿನ್ ಅಜ್ಜಿ ಕಾಲು ಕಾಣಂಗೆ ಸೀರೆ ಎತ್ಯಾಳೆ. ಮಕ್ಳು ಪುಸ್ತಕದಾಗೆ ಅದು ಚಂದಿರ್ತೈತೇನೋ?" ಎಂದರು ಮಾಲೀಕರು.

"ಸೀರೆ ಬಿಟ್ರೆ ನೀರಾಗೆ ಬೀಳ್ತಾಳ್ರಿ!"

"ಬೀಳ್ಲಿ ಬಿಡು. ಅಜ್ಜಿ ಅಂದ್ರೆ ಅಜ್ಜಿ."

ಆ ಸಂಜೆ ನಾನು ಮನೆಗೆ ಹೋಗಲಿಲ್ಲ. ಪ್ರತಿಗಳನ್ನೆಲ್ಲ ನೆಲದ ಮೇಲೆ ಹರಡಿ, ಬೇವಿನ ಹಲಗೆಗೆ ಮಸಿ ಬಳಿದು, ಒಂದೊಂದರ ಖಾಲಿ ಹಿಂಬದಿಗೂ ಕೈಯಿಂದಲೇ ಒತ್ತಿದೆ. ಕೆಲವು ಕಡೆ ಅಜ್ಜಿಯ ಮೂಗು ಮೂಡಲಿಲ್ಲ. ಕೆಲವು ಕಡೆ ಹೊಳೆಯೇ ಮಸಿಯಾಯಿತು. ಬೆಳಿಗ್ಗೆ ಮಾಲೀಕರು ಬೈದರು, ಕೆಲಸದಿಂದಲೂ ತೆಗೆದರು. ಪ್ರತಿಗಳನ್ನು ಮಾತ್ರ ಎಸೆಯಲಿಲ್ಲ. ನಾನು ಮನೆಗೆ ತಂದ ಪ್ರತಿಯ ಹಿಂಬದಿಯನ್ನು ಅಕ್ಕ ಬಹಳ ಹೊತ್ತು ನೋಡಿ, "ನೀರು ಇಷ್ಟೇ ಐತೇನೋ?" ಎಂದಳು. ಹೊಗಳಿಕೆಯೋ ಕೊಂಕೋ, ಇನ್ನೂ ತೀರ್ಮಾನವಾಗಿಲ್ಲ.

ಅಲ್ಲಿಂದೀಚೆಗೆ ನಾನು ಮಾಡಿದ ಯಾವ ಪುಸ್ತಕದಲ್ಲೂ ಕಥೆಗೆ ಸಲ್ಲದ ಚಿತ್ರವನ್ನು ಸೇರಿಸಲು ಬಿಟ್ಟಿಲ್ಲ. ಆದರೂ ಮೊನ್ನೆಯ ಸಭೆಯಲ್ಲಿ, ಇವರು ರಚಿಸಿದ ಮೊದಲ ಚಿತ್ರವಿದು ಎಂದು ಒಬ್ಬರು ನನ್ನ ಆ ಹಳೆಯ ಪುಸ್ತಕವನ್ನು ಎತ್ತಿ ಹಿಡಿದರು. ಜನರಿಗೆ ಕಂಡದ್ದು ಬೀಸುವ ಮುದುಕಿ.

"ಹಿಂದೆ ತಿರುಗ್ಸ್ರಿ," ಎಂದು ಕುಳಿತಲ್ಲಿಂದಲೇ ಕೂಗಿದೆ. ಚಪ್ಪಾಳೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಎದ್ದು ಹೋಗಿ, ಅವರ ಕೈಯಿಂದ ಪುಸ್ತಕ ಕಸಿದು, ನಾನೇ ತಿರುಗಿಸಿ ಹಿಡಿದೆ.