ನೀಲಿ ಚುಕ್ಕಿಯ ಎರಡು ತಟ್ಟೆ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತೂ ನೆಟ್ಟಗಿಲ್ಲ, ಮನ್ನಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಅತ್ತೆಯನ್ನು ಎರಡೆರಡು ಸಲ ಕೇಳಿ, ತಿದ್ದಿ ಬರೆದಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಗಾಜು ತೊಳೆಯಲು ಸೇರಿದವರು. ಕೈ ನಡುಗುವುದಿಲ್ಲವೆಂದು ಅಲ್ಲಿ ಸಂಶೋಧನೆ ಮಾಡುವ ಡಾಕ್ಟರಮ್ಮ ಅವರಿಗೆ ಜೀವಕೋಶ ಬೆಳೆಸುವ ತಟ್ಟೆಗಳನ್ನೇ ಒಪ್ಪಿಸಿದರು. ಗಡ್ಡೆ ಸುಡುವ ಕಿರಣ ಬೀಳಬೇಕಾದ ತಟ್ಟೆಗೆ ಅತ್ತೆ ಕೆಂಪು ಚುಕ್ಕಿ ಇಡುತ್ತಾರೆ, ಬೀಳಬಾರದ್ದಕ್ಕೆ ನೀಲಿ. ನೀಲಿಯವು ಹೋಲಿಸಿ ನೋಡಲಿಕ್ಕಷ್ಟೇ, ಕಿರಣದ ಕೋಣೆಯ ಬಾಗಿಲವರೆಗೆ ಹೋಗಿ ಹಾಗೇ ವಾಪಸ್ಸು ಬರುತ್ತವೆ. ಅಲ್ಲಿ ಅತ್ತೆಯ ಹೆಸರೇ ಚುಕ್ಕಿಯಮ್ಮ.

ಮೊನ್ನೆ ಶುಕ್ರವಾರ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಲೇ ಇಲ್ಲ.

"ಚುಕ್ಕಿಯಮ್ಮ, ಮೂರು ನೀಲಿ ತಟ್ಟೇಲಿ ಎರಡರ ಕೋಶಗಳು ಸಾಯ್ತಿವೆ. ಕಿರಣದ ಕೆಳಗೆ ಇಟ್ಟುಬಿಟ್ರಾ?"

"ಇಲ್ಲ ಮೇಡಂ."

"ಮೂರು ತಿಂಗಳ ಕೆಲಸ ಇದು. ಅದಲುಬದಲಾಗಿದ್ರೆ ತಟ್ಟೆ ಮುಟ್ಟೋ ಕೆಲಸ ಇವತ್ತಿಗೇ ಸಾಕು, ಮತ್ತೆ ಗಾಜು ತೊಳೀಬೇಕಾಗುತ್ತೆ."

ಕಿರಣದ ಯಂತ್ರ ನಡೆಸುವವನು ಬಾಗಿಲಲ್ಲಿ ನಿಂತು ನಕ್ಕ. "ಚುಕ್ಕಿ ಇಡೋರಿಗೇ ಬಣ್ಣ ಮರೆತುಹೋಯ್ತೇನಕ್ಕ?"

"ನೀನು ಸುಮ್ನಿರಪ್ಪ," ಎಂದರು ಅತ್ತೆ.

ಪ್ರತಿ ಮುಚ್ಚಳದ ಮೇಲೂ ಕಿರಣ ತಗುಲಿದರೆ ಬಣ್ಣ ಬದಲಿಸುವ ಚೀಟಿ ಇರುತ್ತದೆ. ಉಳಿದವರು ಅದನ್ನು ಕಿತ್ತು ಬಿಸಾಡುತ್ತಾರೆ. ಅತ್ತೆ ಮಾತ್ರ ತಾರೀಖು ಹಾಕಿ ಪುಸ್ತಕಕ್ಕೆ ಅಂಟಿಸುತ್ತಾರೆ. ಪುಸ್ತಕ ತಂದು ಬಿಚ್ಚಿಟ್ಟರು. ಮೂರು ನೀಲಿ ತಟ್ಟೆಗಳ ಚೀಟಿಗಳೂ ಬಣ್ಣ ಬದಲಿಸಿರಲಿಲ್ಲ. ಯಂತ್ರದವನ ನಗು ನಿಂತಿತು.

"ಸರಿ, ನಿಮ್ಮ ತಪ್ಪಲ್ಲ," ಎಂದರು ಡಾಕ್ಟರಮ್ಮ. "ಹಾಗಾದ್ರೆ ಯಾಕೆ ಸತ್ತವು?"

ಅತ್ತೆಗೆ ಆಗ ನೆನಪಾಯಿತು. ಗುರುವಾರ ಬೆಳಗ್ಗೆ ಕೋಶಗಳಿಗೆ ಉಣಿಸುವ ದ್ರವ ಸಾಲದೆ ಬಂದಿತ್ತು. ಎರಡು ನೀಲಿ ತಟ್ಟೆಗಳು ಒಣಗುತ್ತಿದ್ದವು. ಪಾಪವೆನಿಸಿ, ಕಿರಣ ಬಿದ್ದು ಬಂದಿದ್ದ ಕೆಂಪು ತಟ್ಟೆಗಳ ಮೇಲಿನ ತಿಳಿದ್ರವವನ್ನೇ ಹೀರಿ ಅವಕ್ಕೆ ಬಿಟ್ಟಿದ್ದರು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಟ್ಟರೆ ಈಗಷ್ಟೇ ಉಳಿದ ಕೆಲಸ ಹೋಗಬಹುದು.

ಪುಸ್ತಕ ಮುಚ್ಚಲು ಹೋದವರು ಮತ್ತೆ ತೆರೆದರು.

"ಮೇಡಂ, ಕೆಂಪಿನ ದ್ರವ ನೀಲಿಗೆ ಹಾಕಿದೆ. ಎರಡಕ್ಕೇ. ದ್ರವದಲ್ಲಿ ಏನಿರುತ್ತೆ ಅಂದ್ಕೊಂಡೆ. ಪುಸ್ತಕದಲ್ಲೂ ಬರೀಲಿಲ್ಲ."

ಡಾಕ್ಟರಮ್ಮ ಆ ಎರಡು ತಟ್ಟೆಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು.

"ಪೆಟ್ಟು ತಿಂದ ಕೋಶ ಸುಮ್ನಿರಲ್ಲ ಚುಕ್ಕಿಯಮ್ಮ. ಏನೇನೋ ದ್ರವಕ್ಕೆ ಬಿಡುತ್ತೆ. ಅದು ತಗುಲಿದ್ರೆ ಕಿರಣವನ್ನೇ ಕಾಣದ ಕೋಶವೂ ಕೆಡಬಹುದು. ರೋಗಿಯ ಮೈಯಲ್ಲೂ ಹೀಗಾದ್ರೆ, ಗಡ್ಡೆ ಪಕ್ಕದ ಒಳ್ಳೇ ಕೋಶಗಳ ಗತಿ ಏನು? ನಾನು ನೋಡ್ಬೇಕಿದ್ದದ್ದೇ ಇದು."

"ಅಂದ್ರೆ ನನ್ನ ಕೆಲಸ..."

"ಹೇಳದೆ ಮಾಡಿದ್ದು ತಪ್ಪೇ. ಮೂರು ತಿಂಗಳೂ ಹೋಯ್ತು. ಆದ್ರೆ ಎರಡೇ ತಟ್ಟೆ ಯಾಕೆ ಕೆಟ್ಟವು ಅಂತ ನೀವು ಹೇಳದಿದ್ರೆ ನಾನು ವರ್ಷಗಟ್ಟಲೆ ತಲೆ ಚಚ್ಚಿಕೊಳ್ತಿದ್ದೆ. ಸೋಮವಾರ ಅದನ್ನೇ ಮತ್ತೆ ಮಾಡಿ, ಬೇಕಂತಲೇ. ಒಂದೊಂದು ಹನಿಯನ್ನೂ ಬರೀಬೇಕು. ಒಂದು ಸಾಲು ತಪ್ಪಿದ್ರೂ ಗಾಜಿನ ಕೆಲಸಕ್ಕೆ."

ನಾಳೆ ಸೋಮವಾರ, ಬೆಳಗ್ಗೆ ಒಂಬತ್ತಕ್ಕೆ ಅತ್ತೆ ಆರು ತಟ್ಟೆಗಳಿಗೆ ಚುಕ್ಕಿ ಇಡುತ್ತಾರೆ. ಇವತ್ತು ಸಂಜೆ ನಾನು ಅವರ ಹೊಸ ಪುಸ್ತಕಕ್ಕೆ ಅಡಿಪಟ್ಟಿ ಹಿಡಿದು ಗೆರೆ ಹಾಕಿಕೊಡುತ್ತೇನೆ.