ನನ್ನ ಹೆಸರಿಗೆ ಬಂದ ಕಾಗದ

ಕಾಗದಕ್ಕೂ ಬರ ಬಂದಿದ್ದ ಕಾಲ ಅದು. ಯುದ್ಧ ಯಾವ ದೇಶದಲ್ಲಿ ನಡೆಯುತ್ತಿದೆ ಎಂದು ಸರಿಯಾಗಿ ಹೇಳಬಲ್ಲವರು ನಮ್ಮೂರಲ್ಲಿ ಇಬ್ಬರೋ ಮೂವರೋ ಇದ್ದರು. ಆದರೆ ಬೆಲ್ಲ ಕಟ್ಟಿಕೊಡಲು ಹಳೇ ಪೇಪರು ಸಿಗದೆ ಅಂಗಡಿಯವನು ಮುತ್ತುಗದ ಎಲೆಗೆ ಬಂದಿದ್ದು ಎಲ್ಲರಿಗೂ ಗೊತ್ತಿತ್ತು. ಇಸ್ಕೂಲಿನಲ್ಲಿ ನಮಗೆ ವರ್ಷಕ್ಕೆ ಒಂದೇ ನೋಟ್‌ಬುಕ್ಕು. ಮೊದಲು ಪೆನ್ಸಿಲಿನಲ್ಲಿ ಪೂರ್ತಿ ಬರೆಯಬೇಕು, ಮುಗಿದ ಮೇಲೆ ಅದರ ಮೇಲೇ ಮಸಿಯಲ್ಲಿ ಇನ್ನೊಂದು ಸಲ. ನನ್ನ ಪುಸ್ತಕದಲ್ಲಿ ಮಗ್ಗಿಯ ಮೇಲೆ ಪದ್ಯ ಕೂತಿರುತ್ತಿತ್ತು. ನಾನು ಬರೆದದ್ದು ನನಗೇ ಓದಲು ಬರುತ್ತಿರಲಿಲ್ಲ. ಯಾರೂ ಮುಟ್ಟದ ಹೊಸ ಹಾಳೆ ಒಂದೇ ಒಂದು ನನ್ನದಾಗಿ ಸಿಕ್ಕರೆ ಸಾಕು ಎನ್ನುವುದೇ ಒಂಬತ್ತು ವರ್ಷದ ನನ್ನ ದೊಡ್ಡ ಆಸೆ.

ನಮ್ಮೂರು ಚನ್ನಗಿರಿಯಿಂದ ತ್ಯಾವಣಿಗೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಊರಾಚೆ ದೊಡ್ಡ ಕಾವಲು. ಅಲ್ಲಿ ಮುಂಗಾರು ಕಳೆದರೆ ನನ್ನ ತಲೆ ಮುಳುಗುವಷ್ಟು ಬಾದೆ ಹುಲ್ಲು. ಎಳೆಯದಿದ್ದಾಗ ದನಕ್ಕೆ, ಬಲಿತ ಮೇಲೆ ಮಾಡಿಗೆ ಹೊದಿಸಲಿಕ್ಕೆ. ಆ ಕಾವಲಿಗೆ ಪತ್ರ ಗಿತ್ರ ಏನೂ ಇರಲಿಲ್ಲ. ಅಜ್ಜಂದಿರ ಕಾಲದಿಂದ ಊರ ದನ ಅಲ್ಲಿ ಮೇಯುತ್ತಿದ್ದವು, ಅಷ್ಟೆ. ಅದಕ್ಕೇ ಇರಬೇಕು, ಕಾವಲಿನ ಕಡೆ ಹೊಸ ಮುಖ ಯಾವುದು ಕಂಡರೂ ಊರಿಗೆ ಊರೇ ಕಣ್ಣು ಕಿರಿದು ಮಾಡುತ್ತಿತ್ತು. ಎಲ್ಲರಿಗಿಂತ ಹೆಚ್ಚು ಅನುಮಾನ ನಮ್ಮಜ್ಜಿಗೆ. ಅವಳ ತವರು ಜಗಳೂರು ಸೀಮೆ. ಅವಳಪ್ಪ ಯಾರನ್ನೋ ನಂಬಿ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಎರಡು ಹೊಲ ಕಳೆದುಕೊಂಡಿದ್ದ. ಆ ಕತೆಯನ್ನು ಅಜ್ಜಿ ರೊಟ್ಟಿ ತಟ್ಟುತ್ತಾ ನೂರು ಸಲ ಹೇಳಿದ್ದಳು, ಪ್ರತಿ ಸಲವೂ ಹೊಸ ಸಿಟ್ಟಿನಿಂದ.

ಹುಲ್ಲು ಬಲಿತು ಕೆಂಪಗಾಗುವ ಹೊತ್ತಿಗೆ ಶ್ರೀಕಂಠಯ್ಯ ಎನ್ನುವವರು ಬಂದರು. ಬೆಂಗಳೂರಿನ ಯಾವುದೋ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಬಡಕಲು ಹುಡುಗ. ನಮ್ಮ ಮೇಷ್ಟ್ರಿಗೆ ಪರಿಚಯದವರಂತೆ, ಇಸ್ಕೂಲಿನ ಜಗಲಿಯಲ್ಲೇ ವಾಸ. ಬೆಳಿಗ್ಗೆ ಕಾವಲಿಗೆ ಹೋಗಿ ನಾಲ್ಕು ಗೂಟ ನೆಟ್ಟು, ಸುತ್ತ ಹಗ್ಗ ಬಿಗಿದು ಚೌಕ ಮಾಡುವರು. ಒಳಗಿನ ಹುಲ್ಲನ್ನೆಲ್ಲ ಕುಯ್ದು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುವರು. ಆಮೇಲೆ ಇನ್ನೊಂದು ಚೌಕ. ನಾವು ಮಕ್ಕಳು ಅವರನ್ನು ಹುಲ್ಲಯ್ಯ ಎನ್ನುತ್ತಿದ್ದೆವು, ಅವರ ಚೌಕಗಳಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು. ದೊಡ್ಡವರು ನಗಲಿಲ್ಲ. ಗೂಟ ನೆಟ್ಟು ಹಗ್ಗ ಹಿಡಿದು ನೆಲ ಅಳೆಯುವವನನ್ನು ಕಂಡಿದ್ದರೇ ಹೊರತು ಹುಲ್ಲು ಅಳೆಯುವವನನ್ನು ಅವರು ಕಂಡಿರಲಿಲ್ಲ.

ಅಪ್ಪ ನನ್ನನ್ನು ಕರೆದ. "ಹಾಲಮ್ಮ, ನಿನಗೆ ಓದಾಕೆ ಬರ್ತೈತೆ. ಮಜ್ಜಿಗೆ ಕೊಡೋ ನೆಪದಾಗೆ ಹೋಗು. ಆವಯ್ಯ ಏನು ಬರ್ಕಂತಾನೆ, ನೋಡ್ಕಂಡು ಬಾ."

ನೋಡಿದೆ. ಎಲ್ಲ ಇಂಗ್ಲಿಷು, ಬರೀ ಅಂಕಿ. ಕೊನೆಗೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವರು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು.

"ಕಾಗದದ ಕಾರ್ಖಾನೆಗೆ ಬಿದಿರು ಸಾಲ್ತಾ ಇಲ್ಲಮ್ಮ. ಈ ಹುಲ್ಲಲ್ಲಿ ಒಳ್ಳೇ ನಾರಿದೆ. ಸೋಡಾ ಹಾಕಿ ಬೇಯಿಸಿ, ಕುಟ್ಟಿ, ನೀರಲ್ಲಿ ಕದಡಿ, ಸಂಡಿಗೆ ಹರವಿದ ಹಾಗೆ ಜರಡಿ ಮೇಲೆ ತೆಳ್ಳಗೆ ಹರವಿದರೆ ಕಾಗದ ಆಗುತ್ತೆ. ಒಂದು ಎಕರೆಗೆ ಎಷ್ಟು ಹುಲ್ಲು ಅಂತ ಸರಿಯಾಗಿ ತೋರಿಸಿದರೆ ನಮ್ಮ ಪ್ರೊಫೆಸರು ಒಪ್ಪುತ್ತಾರೆ. ಇಲ್ಲದಿದ್ದರೆ ನನ್ನ ಎರಡು ವರ್ಷ ದಂಡ."

"ಬರಿಯೋ ಕಾಗದಾನಾ?"

"ಬರೆಯೋ ಕಾಗದಾನೇ. ಮೊದಲನೇದು ನಿನ್ನ ಹೆಸರಿಗೇ ಕಳಿಸ್ತೀನಿ, ಆಯ್ತಾ?"

ಮನೆಗೆ ಓಡಿದ್ದೇ ಓಡಿದ್ದು. ಅಪ್ಪ ಮುದ್ದೆ ಮುಂದೆ ಕೂತಿದ್ದ, ಅಜ್ಜಿ ಸೊಪ್ಪಿನ ಸಾರು ಬಿಡುತ್ತಿದ್ದಳು. "ಕಾವಲಿಂದು ಕಾಗದ ಮಾಡ್ತಾರಂತೆ!" ಎಂದೆ.

ಸಾರಿನ ಸೌಟು ಅಲ್ಲೇ ನಿಂತಿತು. ನಮ್ಮ ಕಡೆ ಕಾಗದ ಮಾಡುವುದೆಂದರೆ ಒಂದೇ ಅರ್ಥ: ಜಮೀನನ್ನು ಒಬ್ಬರ ಹೆಸರಿಗೆ ಬರೆಸಿ ಪತ್ರ ಮಾಡಿಸುವುದು.

"ಯಾರ ಹೆಸರಿಗೆ?" ಅಜ್ಜಿ ಕೇಳಿದಳು.

"ಮೊದಲನೇದು ನನ್ನ ಹೆಸರಿಗಂತೆ."

ಅಪ್ಪ ಕೈ ತೊಳೆದುಬಿಟ್ಟ. ಇಬ್ಬರ ಮುಖವೂ ಕಪ್ಪಾಗಿದ್ದು ನನಗೆ ಕಂಡಿತು, ನನ್ನ ಮಾತು ಎಲ್ಲೋ ದಾರಿ ತಪ್ಪಿದೆ ಎಂದೂ ಗೊತ್ತಾಯಿತು. ಸಂಡಿಗೆಯ ಮಾತು ಸೇರಿಸಿದ್ದರೆ ಮುಗಿದುಹೋಗುತ್ತಿತ್ತು. ಸೇರಿಸಲಿಲ್ಲ. ಅಪ್ಪ ಅಷ್ಟು ಗಮನ ಕೊಟ್ಟು ನನ್ನ ಮಾತು ಕೇಳಿದ್ದು ಅದೇ ಮೊದಲು. ಆ ಸುಖ ಬಿಡಲು ಮನಸ್ಸಾಗಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಸುದ್ದಿ ಊರು ಸುತ್ತಿತ್ತು. ಗೌಡರು ಅರಳಿಕಟ್ಟೆಯ ಮೇಲೆ ಕೂತು ಅಪ್ಪನನ್ನು ಕರೆಸಿದರು.

"ಏನಪ್ಪ ರುದ್ರಣ್ಣ, ಕಾವಲು ನಿನ್ನ ಮಗಳ ಹೆಸರಿಗೆ ಆಕ್ಕತಂತೆ? ಒಳಗೊಳಗೇ ಮಾತಾಡ್ಕಂಡೀಯೇನು?"

"ನನ್ನಾಣೆ, ನನಗೇನೂ ಗೊತ್ತಿಲ್ರಿ."

"ಗೊತ್ತಿಲ್ದೋನ ಮನಿಯಿಂದ ಆವಯ್ಯಂಗೆ ಮಜ್ಜಿಗೆ ಯಾಕೆ ಹೋಗ್ತಿತ್ತು?"

ನಿನ್ನೆಯವರೆಗೆ ಜತೆಗೆ ಬೀಡಿ ಸೇದುತ್ತಿದ್ದವರು ಈಗ ಅಪ್ಪನನ್ನೇ ದಿಟ್ಟಿಸುತ್ತಿದ್ದರು. ನಾನು ಹೆದರಿ ಅವನ ಪಂಚೆ ಜಗ್ಗಿದೆ. "ಅಪ್ಪಾ, ಹುಲ್ಲು ಬೇಯಿಸಿ ಬರಿಯೋ ಕಾಗದ ಮಾಡ್ತಾರಂತೆ. ಸಂಡಿಗಿ ಇದ್ದಂಗೆ."

ಯಾರೂ ನಗಲಿಲ್ಲ. "ನೋಡ್ರಿ, ಮಗೀನ ಬಾಯಾಗೆ ಎಂಥ ಸುಳ್ಳು ತುರುಕ್ಯಾನೆ," ಎಂದರು ಗೌಡರು. ನಿಜ ಹೇಳಿದ ಮೇಲೆ ಅನುಮಾನ ಇನ್ನೂ ಗಟ್ಟಿಯಾಯಿತು.

ಅಪ್ಪನಿಗೆ ತಾನು ಸಾಚಾ ಎಂದು ತೋರಿಸಲು ಉಳಿದಿದ್ದು ಒಂದೇ ದಾರಿ. ಕಟ್ಟೆಯಿಂದ ನೇರ ಮನೆಗೆ ಬಂದವನು ಎತ್ತು ಎಮ್ಮೆ ಎಲ್ಲ ಬಿಚ್ಚಿ ಇಸ್ಕೂಲಿನ ಜಗಲಿಗೆ ನುಗ್ಗಿಸಿದ. ಅಲ್ಲಿ ಶ್ರೀಕಂಠಯ್ಯನವರ ಹುಲ್ಲಿನ ಕಟ್ಟುಗಳು, ಒಂದೊಂದಕ್ಕೂ ಚೌಕದ ನಂಬರು ಬರೆದ ಚೀಟಿ ಕಟ್ಟಿಕೊಂಡು, ಸಾಲಾಗಿ ಒಣಗುತ್ತಿದ್ದವು. ಬಲಿತ ಬಾದೆಯನ್ನು ದನ ಅಷ್ಟಾಗಿ ತಿನ್ನುವುದಿಲ್ಲ. ಮೂಸಿದವು, ತುಳಿದವು, ಸಗಣಿ ಹಾಕಿದವು. ಚೀಟಿ ಒಂದು ಕಡೆ, ಹುಲ್ಲು ಒಂದು ಕಡೆ. ಎಮ್ಮೆಯ ಬಾಯಲ್ಲಿದ್ದ ನೋಟ್‌ಬುಕ್ಕಿನ ಅರ್ಧವನ್ನು ಅವರು ಎಳೆದು ಬಿಡಿಸಿಕೊಂಡರು. ಉಳಿದರ್ಧ ಅದರ ಹೊಟ್ಟೆಗೆ ಹೋಗಿತ್ತು.

"ಯಾಕಪ್ಪಾ, ನಾನೇನು ತಪ್ಪು ಮಾಡಿದೆ?" ಅವರು ಅಪ್ಪನ ಮುಂದೆ ಬಂದು ಕೇಳಿದರು.

"ನಮ್ಮ ಕಾವಲು ಹೆಂಗೈತೋ ಹಂಗೇ ಇರ್ಲಿ ಬಿಡ್ರಿ. ನಮಗೆ ಕಾಗದ ಬ್ಯಾಡ."

"ಕಾಗದ ಬೇಡವಾ? ದೇಶಕ್ಕೇ ಬೇಕಾಗಿದೆಯಲ್ಲಪ್ಪಾ!"

"ಕೇಳಿದ್ರಾ?" ಹಿಂದಿನಿಂದ ಯಾರೋ ಅಂದರು. "ಈಗ ದೇಶದ ಹೆಸರಿಗಂತೆ."

ಶ್ರೀಕಂಠಯ್ಯನವರು ಟ್ರಂಕು ಹೊತ್ತು ರಸ್ತೆಯ ಕಡೆ ನಡೆದರು. ನಾನು ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಮಾಡಿನಿಂದ ಒಂದು ತೆಕ್ಕೆ ಬಾದೆ ಕಿತ್ತುಕೊಂಡು, ಬೇಲಿ ನುಸುಳಿ, ಬಸ್ಸು ನಿಲ್ಲುವಲ್ಲಿಗೆ ಓಡಿದೆ. ಕೈಯೆಲ್ಲ ಗೀರಿ ರಕ್ತ. ಅವರು ಹುಲ್ಲನ್ನು ತೆಗೆದುಕೊಂಡು ನನ್ನನ್ನೇ ನೋಡಿದರು.

"ಇದು ಯಾವ ಚೌಕದ್ದಮ್ಮ?"

ನಮ್ಮ ಕೊಟ್ಟಿಗೆಯದು ಎನ್ನಲು ನಾಚಿಕೆಯಾಯಿತು. ನಾನೇ ಹೀಗೆಲ್ಲ ಮಾಡಿದ್ದು ಎಂದು ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ. ಅವರು ಹುಲ್ಲನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಯುಗಾದಿ ಕಳೆದ ಮೇಲೆ ಒಂದು ದಿನ ಅಂಚೆಯವನು ಬಾಗಿಲಲ್ಲಿ ನಿಂತು ಕೂಗಿದ. "ಹಾಲಮ್ಮನ ಹೆಸರಿಗೆ ಕಾಗದ ಬಂದೈತ್ರೀ!"

ಅಪ್ಪ ಬೆಚ್ಚಿ ಎದ್ದ. ಲಕೋಟೆ ಒಡೆದರೆ ಒಳಗೆ ಒಂದೇ ಹಾಳೆ. ಹುಲ್ಲಿನ ಬಣ್ಣ, ದಪ್ಪ, ಮೈಯೆಲ್ಲ ತರಿತರಿ. ಅಪ್ಪ ಆ ಕಡೆ ಈ ಕಡೆ ತಿರುಗಿಸಿದ. ಒಂದಕ್ಷರವೂ ಇಲ್ಲ. ನಾನು ಬರೆಯಲಿ ಎಂದೇ ಅವರು ಖಾಲಿ ಬಿಟ್ಟಿದ್ದರೆಂದು ನನಗೆ ಕಂಡೊಡನೆ ತಿಳಿಯಿತು. ಕೈ ಚಾಚಿದೆ.

"ಮುಟ್ಟಬ್ಯಾಡ!" ಅಜ್ಜಿ ಕಿರುಚಿದಳು. "ಖಾಲಿ ಕಾಗದ ಯಾಕೆ ಕಳಿಸ್ತಾರೆ? ಹೆಬ್ಬೆಟ್ಟು ಒತ್ತಿಸ್ಕಳ್ಳಾಕೆ!" ಅಪ್ಪನ ಕೈಯಿಂದ ಕಿತ್ತುಕೊಂಡವಳೇ ಒಲೆಗೆ ಹಾಕಿದಳು.

ಹಾಳೆ ಮುದುರಿತು, ಹೊತ್ತಿತು. ಅಜ್ಜಿ ಸೆರಗಿನಿಂದ ಹೊಗೆ ಓಡಿಸುತ್ತಿದ್ದವಳು ತಟ್ಟನೆ ನಿಂತು ಮೂಗೆಳೆದಳು. ವರ್ಷಾವರ್ಷ ಹಳೇ ಮಾಡು ಇಳಿಸಿ ಆ ಹುಲ್ಲನ್ನು ಸುಟ್ಟವಳು ಅವಳು.

"ರುದ್ರಾ, ಇದು ಬಾದೆ ಹುಲ್ಲಲ್ಲೇನೋ?"

ಅಪ್ಪ ಒಲೆಯನ್ನೇ ನೋಡುತ್ತಾ ನಿಂತಿದ್ದ. ನಾನು ಒಳಗೆ ಹೋಗಿ ಅತ್ತೆ. ಯಾರೂ ಬಂದು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಶ್ರೀಕಂಠಯ್ಯನವರ ಪ್ರೊಫೆಸರು ಒಪ್ಪಿದರೋ ಇಲ್ಲವೋ ತಿಳಿಯಲೇ ಇಲ್ಲ.

ಈಗ ನಮ್ಮೂರಿಗೆ ಹೋದರೆ ಬಾದೆ ಹುಲ್ಲು ತೋರಿಸಲೂ ಇಲ್ಲ. ಅಜ್ಜಿ ಸತ್ತು ಎಷ್ಟೋ ವರ್ಷದ ಮೇಲೆ ಕಾವಲಿಗೆ ನಿಜವಾಗಿಯೂ ಕಾಗದ ಆಯಿತು. ಮಾಡಿಸಿಕೊಂಡವರು ಗೂಟ ನೆಡಲಿಲ್ಲ, ಹಗ್ಗ ಹಿಡಿಯಲಿಲ್ಲ. ಅಚ್ಚ ಬಿಳಿ ಹಾಳೆಯಲ್ಲಿ, ಸೀಲು ಗೀಲು ಎಲ್ಲ ಸರಿಯಾಗಿ, ಎಲ್ಲೋ ಕೂತು ಮುಗಿಸಿಕೊಂಡರು. ಓದು ಬರಹ ಬಲ್ಲ ಊರು ಬೇಲಿ ಬಿದ್ದ ಮೇಲೆ ಎಚ್ಚೆತ್ತಿತು. ಯಾರ ಹೆಸರಿಗೆ ಎಂದು ಸೌಟು ಹಿಡಿದು ಕೇಳುವವಳು ಆಗ ಇರಲಿಲ್ಲ.

ನನ್ನ ಪಾಲಿಗೂ ಹಾಗೇ ಆಯಿತು. ಅಪ್ಪನ ಹೊಲ ಅಣ್ಣಂದಿರ ಹೆಸರಿಗೆ ಹೋಯಿತು, ಗಂಡನ ಮನೆ ಮಕ್ಕಳ ಹೆಸರಿಗೆ. ಇಷ್ಟು ದೊಡ್ಡ ಬದುಕಿನಲ್ಲಿ ನನ್ನ ಹೆಸರಿಗೆ ಆದ ಕಾಗದ ಅದೊಂದೇ.