ತುಂಬೆ ಕಿತ್ತ ಸೋಮವಾರ

ಆಗ ನಮ್ಮ ಸೀಮೆ ಇನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಕಲ್ಯಾಣದುರ್ಗದ ಶಾಲೆಗೆ ಮೇಷ್ಟ್ರಾಗಿ ಹೋದ ಹೊಸದರಲ್ಲಿ ಸಿಕ್ಕ ಬಾಡಿಗೆ ಮನೆಯ ಅಂಗಳದಲ್ಲೆಲ್ಲ ತುಂಬೆ ಗಿಡ. ಗುಲಾಬಿ ಹಾಕೋಣವೆಂದು ಒಂದು ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಕಿತ್ತು ಮೂಲೆಗೆ ರಾಶಿ ಹಾಕಿದೆ. ಕೈ ತೊಳೆಯುವಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮಜ್ಜಿ ಹೂಬುಟ್ಟಿ ಹಿಡಿದು ಬಂದರು. ಗಡಿಯೂರಾದ್ದರಿಂದ ಕೆಲಸಕ್ಕೆ ತೆಲುಗಿನ ‘ಪನಿ’ ಎನ್ನುವುದೇ ಅವರಿಗೆ ರೂಢಿ.

“ಅಯ್ಯಯ್ಯೋ, ಎಂಥ ಪನಿ ಮಾಡ್ಬುಟ್ರಿ ಮೇಷ್ಟ್ರೇ! ಸಿವನ ಪೂಜೆಗೆ ದಿನಾ ಇಲ್ಲೇ ಬಿಡಿಸ್ಕೊಂಡು ಹೋಯ್ತಿದ್ದೆ.”

“ಕಳೆ ಅಲ್ವೇನಮ್ಮ? ಯಾರೂ ನೆಟ್ಟಿದ್ದಲ್ಲ, ತಾನಾಗೇ ಹುಟ್ಟಿದ್ದು.”

“ನಮ್ಮ ಗುಡಿ ಲಿಂಗಾನೂ ತಾನಾಗೇ ಹುಟ್ಟಿದ್ದು ಕಣಪ್ಪ. ನಾಳೆ ಗುದ್ಲಿ ತಕ್ಕೊಂಡು ಅಲ್ಲಿಗೂ ಹೋಯ್ತೀರಾ?”

ಆ ರಾಶಿಯ ಮುಂದೆ ಅಜ್ಜಿಯ ಜೊತೆ ಕುಕ್ಕರಗಾಲಲ್ಲಿ ಕೂತು, ಕಿತ್ತ ಗಿಡಗಳನ್ನು ಒಂದೊಂದೇ ಕೊಡವಿ ಹೂ ಬಿಡಿಸಿದೆ. ಶಾಲೆಗೆ ಅರ್ಧ ಗಂಟೆ ತಡವಾಯಿತು. ಹೆಡ್‌ಮಾಸ್ಟರಿಗೆ ಏನೆಂದು ಹೇಳಲಿ? ಹೊಟ್ಟೆನೋವು ಎಂದೆ.

ಕೊಡವಿದಾಗ ಬೀಜವೆಲ್ಲ ಅಂಗಳಕ್ಕೆ ಚೆಲ್ಲಿತ್ತು. ಮುಂದಿನ ಮಳೆಗೆ ಹೊಸ್ತಿಲವರೆಗೂ ತುಂಬೆ ಎದ್ದಿತು. ಅಜ್ಜಿ ಬೀದಿಗೆಲ್ಲ ಸಾರಿದರು: “ನಮ್ಮ ಮೇಷ್ಟ್ರ ಭಕ್ತಿ ನೋಡ್ರಪ್ಪ, ಹೊಸ್ಲುಗಂಟ ಬಿತ್ತವ್ರೆ!”

ನಾನು ಅದನ್ನು ತಿದ್ದಲು ಹೋಗಲಿಲ್ಲ. ತಿದ್ದುವ ಕೆಲಸ ನನಗೆ ಶಾಲೆಯಲ್ಲೇ ಬೇಕಾದಷ್ಟಿತ್ತು.